ಲೆಲ್ಲಾ ಖದ್ದೂಜಾಳ ಕಡಲು

ಸೆಪ್ಟೆಂಬರ್ ೩, ಶನಿವಾರ

ಅತ್ತೆ ತೀರಿಕೊಂಡ ಮೂರನೆಯ ದಿನದ ಊಟ ಮುಗಿಯಿತು, ಜನ ಮುಗಿಯಲಿಲ್ಲ. ಅಂಗಳದ ತುಂಬ ಹೆಂಗಸರು, ಹೆಂಗಸರ ತುಂಬ ಮಾತು. ಊರಲ್ಲಿ ಸಕ್ಕರೆಯೇ ಇಲ್ಲ. ಫೆರಿ ಹತ್ತಿ ಆಚೆ ದಡದ ಸ್ಫಾಕ್ಸ್ ಪಟ್ಟಣಕ್ಕೆ ಹೋಗುವವರ ಕೈಕಾಲು ಹಿಡಿದು ಒಂದಿಷ್ಟು ತರಿಸಿಟ್ಟಿದ್ದೆ. ಇವರು ಕಾಫಿಗೆ ಮೂರು ಮೂರು ಚಮಚ ಸುರಿದುಕೊಂಡು, "ಲೆಲ್ಲಾ ಖದ್ದೂಜಾ ಇದ್ದಿದ್ರೆ ನಮ್ಮನ್ನ ಬರಿಗೈಲಿ ಕಳಿಸ್ತಿರಲಿಲ್ಲ" ಎಂದು ಅತ್ತೆಯ ಹೆಸರೆತ್ತುತ್ತಾರೆ; ಮಾತಿಗೊಮ್ಮೆ ಆ ಗೌರವದ 'ಲೆಲ್ಲಾ' ಬೇರೆ. ಬರಿಗೈಯಲ್ಲಿ ಹೋದವರು ಯಾರು? ಹೊಟ್ಟೆ ತುಂಬ ಕುಸ್ಕುಸ್ ತಿಂದು, ಮಿಕ್ಕದ್ದನ್ನು ಡಬ್ಬಿಗೆ ತುಂಬಿಕೊಂಡೇ ಎದ್ದರು. ಒಂದು ಡಬ್ಬಿ ನನ್ನದು.

ನಾದಿನಿ ಮೊಂಜಿಯಾ ಸೂಸ್‌ನಿಂದ ಬಂದು ನಡುಮಧ್ಯೆ ಕೂತಿದ್ದಾಳೆ. "ನಮ್ಮಮ್ಮ ಯಾವತ್ತೂ ದನಿ ಎತ್ತಿದವಳಲ್ಲ, ಜೇನಿನಂಥ ಮಾತು" ಎಂದು ಹೇಳಿ ಅತ್ತಳು. ಹೊರಗೆ ಎಲ್ಲರೂ ಅತ್ತರು. ನಾನು ಒಳಗೆ ಪಾತ್ರೆ ಉಜ್ಜುತ್ತಿದ್ದೆ. ದನಿ ಎತ್ತಿದವರಲ್ಲವಂತೆ! ಅತ್ತೆ ಬಾಗಿಲಲ್ಲಿ ನಿಂತು ಮಗನನ್ನು ಕರೆದರೆ, ರೇವಿನಲ್ಲಿ ಬಲೆ ರಿಪೇರಿ ಮಾಡುತ್ತಿದ್ದವರೆಲ್ಲ ತಮ್ಮನ್ನೇ ಕರೆದರೆಂದು ಎದ್ದು ನಿಲ್ಲುತ್ತಿದ್ದರು.

ಒಬ್ಬಳು ನನ್ನ ಗಲ್ಲ ಮುಟ್ಟಿ, "ನೀನು ಪುಣ್ಯವಂತೆ ವಸೀಲಾ, ಅಂಥವರ ಸೇವೆ ನಿನಗೆ ಸಿಕ್ತು" ಎಂದಳು. ಹೌದು. ಮಾತ್ರೆ ಕೊಟ್ಟರೆ ಕೆನ್ನೆಯ ಸಂದಿಯಲ್ಲಿ ಅಡಗಿಸಿಟ್ಟುಕೊಂಡು, ನಾನು ಅತ್ತ ತಿರುಗಿದ ಮೇಲೆ ದಿಂಬಿನ ಕೆಳಗೆ ಉಗುಳುತ್ತಿದ್ದ ಪುಣ್ಯ. ಮೈ ಒರೆಸಹೋದರೆ, "ಸ್ಫಾಕ್ಸಿನವಳೇ, ಮೀನು ತಿಕ್ಕೋ ಹಾಗೆ ತಿಕ್ಕಬೇಡ" ಎಂದು ಬೈಸಿಕೊಂಡ ಪುಣ್ಯ. ಈ ದ್ವೀಪಕ್ಕೆ ಸೊಸೆಯಾಗಿ ಬಂದು ಮೂವತ್ತು ವರ್ಷ ದಾಟಿತು, ಇವರ ಮಕ್ಕಳು ಮೊಮ್ಮಕ್ಕಳಿಗೆಲ್ಲ ಅಕ್ಷರ ಕಲಿಸಿದೆ. ಇಂದಿಗೂ ನಾನು ಸ್ಫಾಕ್ಸಿನವಳು.

ಸರಿ, ಸ್ಫಾಕ್ಸಿಗೇ ಹೋಗುತ್ತೇನೆ. ನಲವತ್ತನೆಯ ದಿನದ ಕಾರ್ಯ ಮುಗಿಯಲಿ. ತಂಗಿ ರಾಧಿಯಾಳ ಮನೆಯ ಮೇಲಿನ ಕೋಣೆ ಖಾಲಿಯಿದೆ. ನೂರಿ ಹೋದಾಗಲೇ ಹೊರಡಬೇಕಿತ್ತು. ಗಂಡ ಹೋದ ಮೇಲೆ ಅತ್ತೆಗಾಗಿ ನಿಂತೆ. ಈಗ ಯಾರಿಗಾಗಿ?

ಸೆಪ್ಟೆಂಬರ್ ೬, ಮಂಗಳವಾರ

ಶಾಲೆಯ ಹೆಡ್‌ಮಾಸ್ಟರ್ ರಿಧಾ ಬಂದಿದ್ದರು. "ವಸೀಲಾ ಟೀಚರ್, ನಲವತ್ತನೆಯ ದಿನ ಲೆಲ್ಲಾ ಖದ್ದೂಜಾ ಬಗ್ಗೆ ನೀವೇ ನಾಲ್ಕು ಮಾತಾಡ್ಬೇಕು. ಅವರ ಇಡೀ ಬದುಕು ಬರಬೇಕು ಅದರಲ್ಲಿ. ಮುಖ್ಯವಾಗಿ ಆ ದೋಣಿ ಕಥೆ!" ಎಂದರು. ತೊಂಬತ್ತು ದಾಟಿದ ಬದುಕು, ನಾಲ್ಕು ಮಾತು. ಒಲ್ಲೆ ಎಂದೆ. "ಮತ್ತೆ ಯಾರು ಹೇಳ್ತಾರೆ, ನೀವೇ ಹೇಳಿ" ಎಂದು ಎದ್ದುಹೋದರು. ಇವರಿಗೆ ನನ್ನ ಕೈಯಲ್ಲಿ ಕೆಲಸ ಮಾಡಿಸುವ ಅಭ್ಯಾಸ ಇಬ್ಬರದೂ ನಿವೃತ್ತಿಯಾದರೂ ಹೋಗಿಲ್ಲ.

ಕೂತು ಬರೆದೆ: "ಸೊಂಟದುದ್ದದ ನೀರಿನಲ್ಲಿ ಖರ್ಜೂರದ ಗರಿ ನೆಟ್ಟು ಬೇಲಿ ಕಟ್ಟುವ, ನೀರು ಇಳಿದಾಗ ಮೀನು ಆ ಗರಿಬೇಲಿಯ ಗುಂಟ ಸಾಗಿ ತಾನಾಗಿ ಬುಟ್ಟಿಗೆ ಬೀಳುವ ನಮ್ಮ ಕೆರ್ಕೆನ್ನಾದಲ್ಲಿ ಹೊಲದಂತೆ ಕಡಲಿಗೂ ಒಡೆಯರಿದ್ದಾರೆ. ಲೆಲ್ಲಾ ಖದ್ದೂಜಾ ಅಂಥದೊಂದು ಕಡಲಿನ ಒಡತಿ." ಓದಿಕೊಂಡು ಹೊಡೆದುಹಾಕಿದೆ. ಇಲ್ಲಿ ಹುಟ್ಟಿದ ಬೆಕ್ಕಿಗೂ ಗೊತ್ತಿರುವ ಸಂಗತಿಯಿದು.

ದೋಣಿ ಕಥೆಯನ್ನು ಕೇಳಹೋದರೆ ಬಾಯಿಗೊಂದು ಕಥೆ. ಮಾವ ಸಾಲೆಮ್ ಎದೆರೋಗದಲ್ಲಿ ತೀರಿಕೊಂಡಾಗ ಅತ್ತೆ ಮೂರು ಮಕ್ಕಳ ಎಳೆವಿಧವೆ. ಮಾವನ ಅಣ್ಣ ಹಾಜಿ ತೀಜಾನಿ, "ಹೆಂಗಸಿಗೆ ಕಡಲೇಕೆ" ಎಂದು ಗರಿಗಳ ಹೊರೆ ತುಂಬಿಕೊಂಡು ತಮ್ಮನ ಪಾಲಿನ ನೀರಿನಲ್ಲಿ ತಾನೇ ನೆಡಲು ಹೊರಟ. ಅತ್ತೆ ದೋಣಿ ತೆಗೆದುಕೊಂಡು ಅಡ್ಡ ಹೋದರು. ಇಲ್ಲಿಯವರೆಗೆ ಎಲ್ಲರದೂ ಒಂದೇ. ಮುಂದೆ?

ಪಕ್ಕದ ಮನೆಯ ಜ್ನೇನಾ ಹೇಳುವುದು: "ದೋಣಿ ಹುಟ್ಟಿನಿಂದ ಬಾರಿಸಿದ್ಲು ನೋಡು, ಹಾಜಿ ಕೈ ಮುರೀತು!"

ಮೊಂಜಿಯಾ ಹೇಳುವುದು: "ಅಮ್ಮ ಕೈ ಎತ್ತಿ ಬೇಡ್ಕೊಂಡ್ಲು. ನಿಂತ ಹಾಗೇ ಬಿರುಗಾಳಿ ಎದ್ದಿತು."

ಮೈದುನ ಲಝರ್ ಹೇಳುವುದು: "ಏನೂ ಗಲಾಟೆ ಇಲ್ಲ ಅತ್ತಿಗೆ. ತಬ್ಬಲಿ ಮಕ್ಕಳು ಅಂತ ದೊಡ್ಡಪ್ಪನೇ ಬಿಟ್ಕೊಟ್ರು."

ಆಗ ಅವನು ಮೊಲೆಹಾಲು ಕುಡಿಯುತ್ತಿದ್ದ ಕೂಸು. ಸಾಕ್ಷಿ ಹೇಳುವ ಚಂದ ನೋಡು.

ನಾನು ಅತ್ತೆಯನ್ನೇ ಒಮ್ಮೆ ಕೇಳಿದ್ದೆ. "ಕೂತ್ಕೊಂಡೆ. ಅಷ್ಟೇ. ಬಟಾಣಿ ಬಿಡಿಸು" ಎಂದಿದ್ದರು.

ಸೆಪ್ಟೆಂಬರ್ ೧೨, ಸೋಮವಾರ

ನಲ್ಲಿಯಲ್ಲಿ ನೀರಿಲ್ಲ. ಲಝರ್ ಬಂದು ಅತ್ತೆಯ ಪೀಠದ ಮೇಲೆ ಕೂತ. ಬಾಗಿಲ ಬಳಿ ಅವರು ಕೂರುತ್ತಿದ್ದ ಗಿಡ್ಡ ಪೀಠ. ಅರವತ್ತು ದಾಟಿದ ಮೊಣಕಾಲು ಎದೆಗೆ ತಾಗುತ್ತಿತ್ತು, ಆದರೂ ಕೂತ.

"ಈ ವರ್ಷ ಗರಿ ನೆಡೋದಿಲ್ಲ ಅತ್ತಿಗೆ," ಎಂದ. "ಗರಿ ತುಟ್ಟಿ, ಆಳು ಸಿಗಲ್ಲ, ಮೀನೂ ಇಲ್ಲ. ಒಬ್ಬರು ಮೀನು ಹಿಡಿಯೋ ಪ್ಲಾಸ್ಟಿಕ್ ಬೋನು ಇಡ್ತೀವಿ, ಜಾಗ ಗುತ್ತಿಗೆಗೆ ಕೊಡಿ ಅಂತಿದ್ದಾರೆ. ನೂರಿ ಅಣ್ಣನ ಪಾಲಿಗೆ ನಿಮ್ಮ ಸಹಿ ಬೇಕು."

"ಅತ್ತೆ ಪ್ಲಾಸ್ಟಿಕ್ ಬೋನು ಕಂಡ್ರೆ ಉಗೀತಿದ್ರು."

"ಅಮ್ಮ ಇಲ್ವಲ್ಲ. ನೀವೂ ಸ್ಫಾಕ್ಸಿಗೆ ಹೋಗೋರು. ನಿಮಗೇನು?"

ನಿಜ, ನನಗೇನು? ಆ ನೀರಿಗೆ ನಾನು ಒಂದು ದಿನವೂ ಕಾಲಿಟ್ಟವಳಲ್ಲ. ಸಹಿ ಹಾಕುತ್ತೇನೆ, ನಲವತ್ತು ಕಳೆಯಲಿ ಎಂದೆ. ಅವನು ಹೋದ ಮೇಲೆ ಪೀಠವನ್ನು ಒರೆಸಿ ಗೋಡೆಗೆ ಸರಿಸಿಟ್ಟೆ. ಕಂಡಕಂಡವರೆಲ್ಲ ಕೂರಲು ಅದೇನು ಬಸ್ಸಿನ ಸೀಟೇ?

ಸೆಪ್ಟೆಂಬರ್ ೨೧, ಬುಧವಾರ

ಈ ಊರಿಗೆ ಬುದ್ಧಿ ಯಾವಾಗ ಬರುತ್ತದೋ. ಬೆಳಗ್ಗೆ ಜ್ನೇನಾ, ಅವಳ ಹಿಂದೆ ಸಾಸಿಯಾ, ಇಬ್ಬರೂ ಕಿರುಚಿಕೊಂಡೇ ಒಳಗೆ ಬಂದರು. ಜ್ನೇನಾಳ ಅಂಜೂರದ ಮರ ಸಾಸಿಯಾಳ ಅಂಗಳದ ಮೇಲೆ ಬಾಗಿದೆ. ಹಣ್ಣು ಯಾರದು?

"ನನ್ನನ್ನ ಯಾಕೆ ಕೇಳ್ತೀರಿ?" ಎಂದೆ.

"ಲೆಲ್ಲಾ ಖದ್ದೂಜಾ ತೀರ್ಮಾನ ಮಾಡ್ತಿದ್ರು."

"ಅವರು ಸತ್ತಿದ್ದಾರೆ. ನೀವೇ ಬಂದು ಅತ್ತು, ನನ್ನ ಸಕ್ಕರೆ ಖಾಲಿ ಮಾಡಿ ಹೋದ್ರಲ್ಲ!"

ಇಬ್ಬರೂ ಕದಲಲಿಲ್ಲ. ಒಲೆಯ ಮೇಲೆ ಬಾರ್ಲಿ ಗಂಜಿ ತಳ ಹಿಡಿಯುತ್ತಿತ್ತು. ಸಿಟ್ಟು ನೆತ್ತಿಗೇರಿತು. "ಮರದಲ್ಲಿರೋದು ಮರದವಳಿಗೆ. ಉದುರಿದ್ದು ಗುಡಿಸೋಳಿಗೆ. ಇನ್ನೊಂದು ಮಾತಾಡಿದ್ರೆ ಮರಾನೇ ಕಡಿಸ್ತೀನಿ. ನಡೀರಿ!" ಎಂದು ಅರಚಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೋದರು. ಸಂಜೆಗೆ ಎರಡೂ ಮನೆಯಿಂದ ಒಂದೊಂದು ಬಟ್ಟಲು ಅಂಜೂರ ಬಂತು. ತಿನ್ನುವವರು ಯಾರು? ಇವರಿಗೆ ಅದೂ ಹೊಳೆಯುವುದಿಲ್ಲ.

ಭಾಷಣ ಒಂದು ಸಾಲೂ ಮುಂದೆ ಹೋಗಿಲ್ಲ. ಒಂದು ಸಂಗತಿ ಮಾತ್ರ ಗುರುತು ಹಾಕಿಡುತ್ತೇನೆ, ಹೇಳುವಂಥದಲ್ಲದಿದ್ದರೂ. ನನಗೆ ಮಕ್ಕಳಾಗಲಿಲ್ಲ. ಒಂದು ಮದುವೆಯಲ್ಲಿ ನೆಂಟಳೊಬ್ಬಳು ನನ್ನ ಕಡೆ ನೋಡಿಕೊಂಡು, "ಕಾಯಿ ಬಿಡದ ಮರಕ್ಕೆ ನೀರು ಹೊಯ್ಯೋದು ದಂಡ" ಎಂದಳು. ಅತ್ತೆ ಅವಳಿಗೆ ಕಾಫಿ ಬಗ್ಗಿಸುತ್ತಿದ್ದವರು, ಲೋಟ ತುಂಬಿದರೂ ನಿಲ್ಲಿಸದೆ ಸುರಿದೇ ಸುರಿದರು. ಅವಳು ಸುಟ್ಟುಕೊಂಡು ಎದ್ದು ಕುಣಿದಾಗ, "ಅಯ್ಯೋ, ಕಣ್ಣು ಕಾಣಿಸೋದಿಲ್ಲ ಕಣೇ ಈಚೆಗೆ" ಎಂದರು. ಗಾಳಿ ಯಾವ ದಿಕ್ಕಿಗೆ ತಿರುಗುತ್ತಿದೆ ಎಂದು ದೂರದ ಹಾಯಿ ನೋಡಿ ಹೇಳುತ್ತಿದ್ದ ಕಣ್ಣು ಅದು. ಮನೆಗೆ ಬರುವಾಗ ದಾರಿಯುದ್ದಕ್ಕೂ ನನ್ನನ್ನೇ ಬೈದರು, ಬಾಯಿ ಸತ್ತವಳೆಂದು.

ಸೆಪ್ಟೆಂಬರ್ ೨೯, ಗುರುವಾರ

ಇವತ್ತು ಬಸ್ಸು ಹತ್ತಿ ದ್ವೀಪದ ಆ ತುದಿಗೆ, ಮೆಲ್ಲಿಟಾಕ್ಕೆ ಹೋಗಿಬಂದೆ. ಅಲ್ಲಿ ಮಬ್ರೂಕಾ ಇದ್ದಾರೆ, ಮಾವನ ಒಬ್ಬಳೇ ತಂಗಿ. ಅತ್ತೆಗಿಂತ ನಾಲ್ಕು ವರ್ಷ ಚಿಕ್ಕವರು. ದೋಣಿಯ ದಿನವನ್ನು ಕಣ್ಣಾರೆ ಕಂಡವರಲ್ಲಿ ಉಳಿದಿರುವುದು ಅವರೊಬ್ಬರೇ. ಮಣ್ಣಿಗೂ ಬರಲಿಲ್ಲ, ಮೂರನೆಯ ದಿನಕ್ಕೂ ಬರಲಿಲ್ಲ. ಮೊಂಜಿಯಾ ಅದನ್ನೇ ಅಗಿಯುತ್ತಿದ್ದಾಳೆ.

ಹೊಸ್ತಿಲಲ್ಲಿ ಕೂತು ಹುಲ್ಲಿನ ಹಗ್ಗ ಹೊಸೆಯುತ್ತಿದ್ದರು. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ. "ಸತ್ಲಂತೆ," ಎಂದರು.

"ಹೌದು ಲೆಲ್ಲಾ ಮಬ್ರೂಕಾ. ನೀವು ಬರಲಿಲ್ಲ."

"ಅವಳು ನನ್ನ ಮದುವೆಗೆ ಬಂದಿರಲಿಲ್ಲ. ಸರಿಹೋಯ್ತು."

ಭಾಷಣದ ವಿಷಯ ಹೇಳಿದೆ. ದೋಣಿಯಲ್ಲಿ ಏನಾಯಿತೆಂದು ಕೇಳಿದೆ. ಹಲ್ಲಿಲ್ಲದ ಬಾಯಲ್ಲಿ ನಕ್ಕರು.

"ಏನಾಗುತ್ತೆ? ಕೂತ್ಲು. ನಸುಕಲ್ಲೇ ಹೋಗಿ, ಬೇಲಿಯ ಬಾಯಿ ಬರೋ ಜಾಗದಲ್ಲಿ ದೋಣಿ ನಿಲ್ಸಿ, ಲಝರ್‌ಗೆ ಹಾಲು ಕುಡಿಸ್ತಾ ಕೂತ್ಲು. ದೊಡ್ಡೋನು ನೂರಿ ಪಕ್ಕದಲ್ಲಿ. ಮೊಂಜಿಯಾ ಮಡಿಲಿಗೆ ಒರಗಿ ನಿದ್ದೆ. ತೀಜಾನಿ ಅಣ್ಣ ಹತ್ತು ಜನ ಗಂಡಸರನ್ನ ಕಟ್ಕೊಂಡು ಹೋದ. ಹಾಲು ಕುಡಿಸೋ ಹೆಂಗಸಿನ ಹತ್ರಕ್ಕೆ ಯಾವನು ಹೋಗ್ತಾನೆ? ಎಲ್ರೂ ಬೆನ್ನು ತಿರುಗಿಸ್ಕೊಂಡು ನೀರಲ್ಲಿ ನಿಂತ್ರು. ನೀರು ಏರಿತು, ಇಳೀತು, ಮತ್ತೆ ಏರಿತು. ಇವಳು ಏಳಲಿಲ್ಲ. ಕೊನೆಗೆ ಹಿರಿಯರು ಬಂದು, ಇಡೀ ಜಾಗ ತಬ್ಬಲಿ ಮಕ್ಕಳದು ಅಂದ್ರು."

ಇದು ಇವರೆಲ್ಲ ಕಟ್ಟಿದ ಕಥೆಗಳಿಗಿಂತ ಚೆನ್ನಾಗಿತ್ತು. ಹಾಗೆಂದೆ. ಮಬ್ರೂಕಾ ಹಗ್ಗವನ್ನು ಕೆಳಗಿಟ್ಟರು.

"ಇಡೀ ಜಾಗ ಅಂದ್ರು. ಕೇಳಿಸ್ತೇನೇ? ಅದರಲ್ಲಿ ಬಡಗಣ ಮೂಲೆ ನನ್ನದು. ಅಪ್ಪ ಸಾಯೋ ಮುಂಚೆ, ಅದು ಮಬ್ರೂಕಾಳಿಗೆ ಅಂತ ಬಾಯಿಬಿಟ್ಟು ಹೇಳಿದ್ದ. ಮಂಚದ ಆಚೆಗೆ ನಾನು, ಈಚೆಗೆ ಅವಳು. ಹಿರಿಯರು ಕೇಳಿದ್ರು, ಖದ್ದೂಜಾ, ಇದರಲ್ಲಿ ಬೇರೆ ಯಾರದಾದ್ರೂ ಇದೆಯಾ ಅಂತ. ನಾನು ದಡದಲ್ಲಿ ನಿಂತಿದ್ದೆ. ಅವಳು ನನ್ನನ್ನ ನೋಡಿದ್ಲು. ನೋಡಿ, ಇಲ್ಲ ಅಂದ್ಲು."

ಹಗ್ಗವನ್ನು ಮತ್ತೆ ಕೈಗೆತ್ತಿಕೊಂಡರು.

"ಕಡಲಿಲ್ಲದೆ ಬಂದವಳು ಅಂತ ಗಂಡನ ಮನೇಲಿ ಎಷ್ಟು ಅನ್ನಿಸ್ಕೊಂಡೆ. ಆಮೇಲೆ ಪ್ರತಿ ವರ್ಷ ಮೊದಲ ಮೀನು ಬಿದ್ದಾಗ ಇವಳು ಒಂದು ಬುಟ್ಟಿ ಹೊತ್ಕೊಂಡು ಬರೋಳು. ಇಲ್ಲೇ, ಈ ಮೆಟ್ಟಿಲ ಮೇಲಿಟ್ಟು, ಉಸಿರು ಸುಧಾರಿಸ್ಕೊಂಡು ಹೋಗೋಳು. ನಾನು ಬೆಕ್ಕಿಗೆ ಹಾಕ್ತಿದ್ದೆ. ಈ ಬೀದಿ ಬೆಕ್ಕುಗಳ ಮೈ ನೋಡು, ಹಂದಿ ಹಾಗಿವೆ."

"ಒಂದು ಸಲವೂ ಮಾತಾಡಲಿಲ್ವಾ?"

"ಅವಳು ಹೇಳಬೇಕಾದ ಮಾತು ಒಂದೇ ಇತ್ತು. ಹೇಳಲಿಲ್ಲ. ಹೋದ ವರ್ಷ ಬಸ್ಸಿನವನ ಕೈಲಿ ಕಳಿಸಿದ್ಲು. ಅವನ ಕೈಲೇ ವಾಪಸ್ ಕಳಿಸಿದೆ. ಅವನ ಹೆಂಡ್ತಿ ಹುರ್ಕೊಂಡು ತಿಂದಿರ್ತಾಳೆ."

ಅಷ್ಟು ದೂರ, ಆ ವಯಸ್ಸಿನಲ್ಲಿ, ಬುಟ್ಟಿ ಹೊತ್ತು! ನಮಗೆ, "ವಲಿಯ ಗೋರಿಗೆ ಹರಕೆ" ಎಂದು ಹೇಳಿ ಹೋಗುತ್ತಿದ್ದರು. ಜೊತೆಗೆ ಬರುತ್ತೇನೆಂದರೆ ಬೈಯುತ್ತಿದ್ದರು.

ನಿಮ್ಮ ಮೂಲೆ ನಿಮಗೆ ಕೊಡಿಸಲೇ ಎಂದು ಕೇಳಿದೆ. "ಈ ವಯಸ್ಸಲ್ಲಿ ಕಡಲು ತಗೊಂಡು ಉಪ್ಪಿನಕಾಯಿ ಹಾಕ್ಲಾ?" ಎಂದರು. "ಜನರ ಮುಂದೆ ಹೇಳು. ಅಷ್ಟೇ ಸಾಕು. ಹೇಳ್ತೀಯಾ, ನೀನೂ ಅವಳ ಹಾಗೆ ನೋಡಿ ಸುಮ್ಮನಾಗ್ತೀಯಾ?"

ಬಸ್ಸಿನಲ್ಲಿ ಬರುವಾಗ ಅತ್ತೆಯ ಮೇಲೆ ಎಷ್ಟು ಕೋಪ ಬಂತೆಂದರೆ, ಎದುರಿಗಿದ್ದಿದ್ದರೆ ಭುಜ ಹಿಡಿದು ಅಲ್ಲಾಡಿಸುತ್ತಿದ್ದೆ. ಸತ್ತ ಮೇಲೂ ನನ್ನ ತಲೆಗೇ ಕೆಲಸ ಕಟ್ಟಿಹೋಗಿದ್ದಾರೆ.

ಅಕ್ಟೋಬರ್ ೨, ಭಾನುವಾರ

ಹೇಳಿಬಿಟ್ಟೆ, ಮನೆಯವರಿಗೆ. ತಪ್ಪಾಯಿತು. ಸುಮ್ಮನಿದ್ದು ನಲವತ್ತನೆಯ ದಿನವೇ ಹೇಳಬೇಕಿತ್ತು.

ಮೊಂಜಿಯಾ: "ಅಮ್ಮ ಕಳ್ಳೀನಾ? ಗೋರಿ ಮಣ್ಣು ಒಣಗಿಲ್ಲ ಅತ್ತಿಗೆ! ಆ ಮುದುಕಿ ಮಾತು ಕಟ್ಕೊಂಡು ನಮ್ಮಮ್ಮನ ಮುಖಕ್ಕೆ ಮಸಿ ಬಳೀತೀರಾ?"

ಲಝರ್: "ಅಷ್ಟಕ್ಕೂ ಇದು ರಕ್ತ ಹಂಚ್ಕೊಂಡೋರ ವಿಷಯ."

ಅಂದರೆ ನಾನು ಹೊರಗಿನವಳು. ಮಲಮೂತ್ರ ಬಳಿಯುವಾಗ ಒಳಗಿನವಳು, ಮಾತಾಡುವಾಗ ಹೊರಗಿನವಳು. "ಹಾಗಾದ್ರೆ ಭಾಷಣಾನೂ ರಕ್ತ ಹಂಚ್ಕೊಂಡೋರೇ ಮಾಡಿ" ಎಂದೆ. ನೀನು ಮಾಡು, ನೀನು ಮಾಡು ಎಂದು ಒಬ್ಬರ ಮೇಲೊಬ್ಬರು ಹಾಕಿದರು. ಮಾಡಲು ಬರುವುದಿಲ್ಲವಲ್ಲ.

ಆಮೇಲೆ ಲಝರ್ ಮೆಲ್ಲಗೆ ಹೇಳಿದ: "ಬುಟ್ಟಿ ಹೊತ್ಕೊಂಡು ಹೋಗ್ತಿದ್ಲು ಅಂತ ಮಾತ್ರ ಹೇಳಿ. ಯಾಕೆ ಅಂತ ಹೇಳ್ಬೇಡಿ."

ಯಾಕೆ ಎಂದು ಹೇಳದಿದ್ದರೆ ಅದು ಬರೀ ಮೀನು.

ಅಕ್ಟೋಬರ್ ೫, ಬುಧವಾರ

ಬರೆದೆ. ಹರಿದೆ. ಬರೆದೆ. ಸಿಹಿ ಮಾಡಿ ಬರೆದರೆ ಅದು ಅತ್ತೆಯಲ್ಲ. ಇದ್ದದ್ದು ಬರೆದರೆ ಅತ್ತೆ ಕೆಟ್ಟವರಾಗಿ ಕಾಣುತ್ತಾರೆ, ಅದೂ ಅತ್ತೆಯಲ್ಲ. ಮೂರು ಮಕ್ಕಳನ್ನು ಎದೆಗೆ ಕಟ್ಟಿಕೊಂಡು ನೀರಿನ ಮೇಲೆ ಕೂತವಳು ಮತ್ತು ದಡದಲ್ಲಿದ್ದ ಹುಡುಗಿಯನ್ನು ನೋಡಿ "ಇಲ್ಲ" ಎಂದವಳು, ಒಬ್ಬಳೇ, ಒಂದೇ ದಿನ. ಇದನ್ನು ಯಾವ ಒಕ್ಕಣೆಯಲ್ಲಿ ಹೇಳುವುದು?

ಲಝರ್‌ನ ಹೆಂಡತಿ ಬಂದು ಕುಸ್ಕುಸ್‌ಗೆ ಕುರಿಯೋ ಮೀನೋ ಎಂದು ಕೇಳಿದಳು. ಅದಕ್ಕೂ ನಾನೇ ಬೇಕು.

ಅಕ್ಟೋಬರ್ ೮, ಶನಿವಾರ

ನಲವತ್ತು ಆಯಿತು, ರಜೆಯ ದಿನವೆಂದು ಎರಡು ದಿನ ಮುಂಚೆಯೇ.

ಓದುವವರು ಕುರಾನ್ ಓದಿ ಮುಗಿಸಿದರು. ಊಟಕ್ಕೆ ಮುಂಚೆ ರಿಧಾ ಮೇಷ್ಟರು ನನ್ನನ್ನು ಕರೆದರು. ಅಂಗಳ ತುಂಬಿತ್ತು, ಗಂಡಸರು ಗೋಡೆಯಾಚೆ ಬೀದಿಯಲ್ಲಿ. ಬರೆದುಕೊಂಡ ಹಾಳೆ ಕೈಯಲ್ಲೇ ಇತ್ತು, ಓದಲಾಗಲಿಲ್ಲ. ಕನ್ನಡಕ ಒಳಗೆ ಬಿಟ್ಟುಬಂದಿದ್ದೆ. ಎಂಥ ಗಳಿಗೆ!

ಬಾಯಿಗೆ ಬಂದದ್ದು ಹೇಳಿದೆ. ಬಿರುಗಾಳಿ ಏಳಲಿಲ್ಲ, ಯಾರ ಕೈಯೂ ಮುರಿಯಲಿಲ್ಲ, ಕೂತರು ಅಷ್ಟೇ ಎಂದೆ. ಕೂರುವುದು ಎಷ್ಟು ಕಷ್ಟ ಎಂದು ಹೇಳಿದೆ. ಆ ಕಡಲಿನಿಂದ ಮೂರು ಮಕ್ಕಳು ಬೆಳೆದವು, ಊರಿನ ಎಷ್ಟೋ ಒಲೆ ಉರಿದವು ಎಂದೆ. ಎಲ್ಲರೂ ತಲೆದೂಗಿದರು. ಆಗ ಬಾಗಿಲಲ್ಲಿ ಮಬ್ರೂಕಾ ಕಂಡರು. ಮೊಮ್ಮಗಳ ತೋಳು ಹಿಡಿದು, ಕರಿಯ ಹೊದಿಕೆ ಹೊದ್ದು ನಿಂತಿದ್ದರು. ನನ್ನನ್ನೇ ನೋಡುತ್ತಿದ್ದರು.

ಮೊಂಜಿಯಾ ನನ್ನ ತೋಳು ಜಗ್ಗಿದಳು. "ಸಾಕು ಅತ್ತಿಗೆ, ಕೂತ್ಕೊಳ್ಳಿ."

"ಆ ಕಡಲಿನ ಬಡಗಣ ಮೂಲೆ ಲೆಲ್ಲಾ ಮಬ್ರೂಕಾಳದು," ಎಂದೆ. "ನಮ್ಮತ್ತೆಗೆ ಅದು ಗೊತ್ತಿತ್ತು. ಹಿರಿಯರು ಕೇಳಿದಾಗ ಇಲ್ಲ ಅಂದ್ರು. ಮಕ್ಕಳ ಹಸಿವಿನ ಹೆದರಿಕೆಗೆ ಅಂದಿರಬಹುದು. ಆದ್ರೂ ಅದು ಅನ್ಯಾಯ. ಅದನ್ನ ಅವರು ಒಂದು ದಿನವೂ ಮರೀಲಿಲ್ಲ, ಬಾಯಿಬಿಟ್ಟು ಹೇಳೋಕೂ ಆಗಲಿಲ್ಲ. ಅವರ ಬದಲು ನಾನು ಹೇಳ್ತಾ ಇದ್ದೀನಿ."

ಒಮ್ಮೆಗೇ ಎಲ್ಲರೂ ಮಾತಾಡಿದರು. ಮೊಂಜಿಯಾ ಎದೆ ಬಡಿದುಕೊಂಡು ಒಳಗೋಡಿದಳು. ಜ್ನೇನಾ ಮಾತ್ರ, "ನಂಗೆ ಮೊದಲೇ ಅನುಮಾನ ಇತ್ತು" ಎಂದಳು. ಸುಳ್ಳುಬುರುಕಿ!

ಮಬ್ರೂಕಾ ನಡೆದು ಬಂದು ಹೆಂಗಸರ ನಡುವೆ ಕೂತರು. ತಟ್ಟೆ ಎಳೆದುಕೊಂಡು, "ಬಡಿಸ್ರೇ. ಅಷ್ಟು ದೂರದಿಂದ ಬಂದಿದ್ದೀನಿ" ಎಂದರು. ಎರಡು ಸಲ ಹಾಕಿಸಿಕೊಂಡರು.

ಅಕ್ಟೋಬರ್ ೯, ಭಾನುವಾರ

ಮೊಂಜಿಯಾ ಬೆಳಗಿನ ಫೆರಿಗೆ ಹೋದಳು. ಮಾತಾಡಲಿಲ್ಲ. ದಾರಿಗೆಂದು ಕಟ್ಟಿಕೊಟ್ಟ ಬುತ್ತಿಯನ್ನು ಮಾತ್ರ ತೆಗೆದುಕೊಂಡಳು.

ಅಕ್ಟೋಬರ್ ೧೧, ಮಂಗಳವಾರ

ಲಝರ್ ಬೀದಿಯಿಂದಲೇ ಕೂಗಿಕೊಂಡು ಬಂದ. "ಮಾಡಿಟ್ರಲ್ಲ ಅತ್ತಿಗೆ! ನೋಡಿ ಈಗ!"

ವಿಷಯ ಇಷ್ಟು. ಮಬ್ರೂಕಾಳ ಪಾಲು ಊರೆಲ್ಲ ಕೇಳಿದ ಮೇಲೆ, ಗುತ್ತಿಗೆಗೆ ಅವರ ಸಹಿಯೂ ಬೇಕಲ್ಲವೇ. ಪ್ಲಾಸ್ಟಿಕ್ ಬೋನಿನವರು ಮೆಲ್ಲಿಟಾಕ್ಕೆ ಹೋದರಂತೆ. ಉಪ್ಪಿನಕಾಯಿ ಹಾಕ್ಲಾ ಎಂದಿದ್ದ ಹೆಂಗಸು ಈಗ, "ನನ್ನ ನೀರಲ್ಲಿ ಪ್ಲಾಸ್ಟಿಕ್ ಇಟ್ರೆ ಕಾಲು ಮುರೀತೀನಿ. ಗರಿ ನೆಡಿ. ಇಲ್ಲಾಂದ್ರೆ ನಾನೇ ದೋಣಿ ತಗೊಂಡು ಹೋಗಿ ಕೂರ್ತೀನಿ" ಎಂದು ಹೊಸ್ತಿಲಿನಿಂದಲೇ ಅಟ್ಟಿದರಂತೆ. ಅವರು ಜಗಳದ ಜಾಗ ನಮಗೆ ಬೇಡವೆಂದು ಕೈತೊಳೆದುಕೊಂಡರು.

"ಈಗ ನಾನೇನ್ ಮಾಡ್ಲಿ?" ಎಂದ ಲಝರ್.

"ಏನ್ ಮಾಡ್ತೀಯ? ಗರಿ ತರ್ತೀಯ. ನಿನ್ನ ಮಕ್ಕಳಿಬ್ರನ್ನ ಕರ್ಕೋ. ಸಾಸಿಯಾ ಗಂಡ ಸುಮ್ನೆ ಕೂತಿದ್ದಾನೆ, ಅವನನ್ನೂ ಕರಿ. ಹಗ್ಗ ಮಬ್ರೂಕಾ ಹತ್ರ ಇದೆ. ಗಾಳಿ ತಿರುಗೋಕೆ ಮುಂಚೆ ನೆಟ್ಟು ಮುಗೀಬೇಕು."

"ಆಯ್ತಮ್ಮ," ಎಂದು ಹೋದ. ಅಮ್ಮನಂತೆ! ನನಗಿಂತ ನಾಲ್ಕು ವರ್ಷ ದೊಡ್ಡವನು. ತಲೆ ಕೆಟ್ಟಿದೆ ಪಾಪ.

ಚೀಲ ಮರೆತು ಹೋಗಿದ್ದ. ಬಾಗಿಲಿಗೆ ಬಂದು ಕರೆದರೆ ರೇವಿನಲ್ಲಿದ್ದ ಗಂಡಸರೆಲ್ಲ ಇತ್ತ ತಿರುಗಿ ಎದ್ದು ನಿಂತರು. ಇವರಿಗೆ ಬೇರೆ ಕೆಲಸವಿಲ್ಲವೇ?

ರಾಧಿಯಾ ಫೋನು ಮಾಡಿದ್ದಳು, ಕೋಣೆಗೆ ಸುಣ್ಣ ಹೊಡೆಸಿದ್ದಾಳಂತೆ. ಯಾರಿಗಾದರೂ ಬಾಡಿಗೆಗೆ ಕೊಡು, ಚಳಿಗಾಲ ಕಳೆದ ಮೇಲೆ ನೋಡೋಣ ಎಂದೆ. ಈ ಗಲಾಟೆಯಲ್ಲಿ ಗಂಟುಮೂಟೆ ಕಟ್ಟುವುದು ಹೇಗೆ? ಗರಿಯ ಎಣಿಕೆ ಗೊತ್ತಿಲ್ಲದ ಲಝರ್‌ನ ಮಕ್ಕಳು ಅರ್ಧವೇ ತಂದಾರು.

ಅಕ್ಟೋಬರ್ ೨೩, ಭಾನುವಾರ

ಮೈಕೈ ನೋವು. ಉಗುರ ಸಂದಿಯಲ್ಲಿ ಇನ್ನೂ ಮರಳಿದೆ. ಆದರೂ ಬರೆದಿಡುತ್ತೇನೆ.

ಇವತ್ತು ಬಡಗಣ ಮೂಲೆಯ ಸರದಿ. ಮಿಕ್ಕ ಬೇಲಿ ವಾರದಿಂದ ಎದ್ದಿದೆ. ಮಬ್ರೂಕಾರನ್ನು ಪಿಕಪ್ ಗಾಡಿಯ ಹಿಂದೆ ಕುರ್ಚಿ ಕಟ್ಟಿ ಕೂರಿಸಿಕೊಂಡು ಬಂದರು. ದಡದಲ್ಲಿ ಕುರ್ಚಿ ಇಳಿಸಿದ್ದೇ ತಡ, ಬಾಯಿ ಶುರು. "ಏ ಲಝರ್, ಗರಿಯ ಬೆನ್ನು ಆ ಕಡೆಗೆ! ನಿಮ್ಮಪ್ಪ ಹೀಗೆ ನೆಟ್ಟಿದ್ರೆ ನಿಮ್ಮಜ್ಜ ಮನೆಯಿಂದ ಓಡಿಸ್ತಿದ್ದ!" ಲಝರ್ ಹಲ್ಲು ಕಚ್ಚಿಕೊಂಡು ನೆಟ್ಟ. ಅವನ ಹಿರಿಯ ಮಗ ನೆಟ್ಟಿದ್ದೆಲ್ಲ ಡೊಂಕು. ನನಗೆ ತಡೆಯಲಾಗಲಿಲ್ಲ. ಲಂಗ ಎತ್ತಿ ಕಟ್ಟಿ ನೀರಿಗಿಳಿದು ಅವನ ಕೈಯಿಂದ ಗರಿ ಕಿತ್ತುಕೊಂಡೆ. ಅತ್ತೆ ಬಾಗಿಲಲ್ಲಿ ಕೂತು ಹೇಳಿದ್ದನ್ನೆಲ್ಲ ಇಷ್ಟು ವರ್ಷ ಕೇಳಿಕೊಂಡೇ ಬಟಾಣಿ ಬಿಡಿಸಿದವಳಲ್ಲವೇ ನಾನು. ನೀರು ತಣ್ಣಗೆ ಸೊಂಟಕ್ಕೆ ಬಂತು.

ದಣಿದು ದಡಕ್ಕೆ ಬಂದು ಮಬ್ರೂಕಾರ ಕುರ್ಚಿಯ ಪಕ್ಕ ಮರಳಲ್ಲಿ ಕೂತೆ. ಅವರು ಬ್ರೆಡ್ಡಿನ ತುಂಡನ್ನು ಆಲಿವ್ ಎಣ್ಣೆಯಲ್ಲಿ ಅದ್ದಿ ಕೊಟ್ಟರು.

"ಅವಳ ಮದುವೆ ದಿಬ್ಬಣ ಇಲ್ಲಿಗೇ ಬಂದಿಳಿದದ್ದು," ಎಂದರು. "ಹಾಯಿದೋಣಿಯಲ್ಲಿ. ಖದ್ದೂಜಾಗೆ ಆಗ ಹದಿನಾರು, ನಂಗೆ ಹನ್ನೆರಡು. ಮೀನುಗಾರನ ಮಗಳು ನಾನು, ನಂಗೇನು ಕಡಲು ಹೊಸದಾ ಅಂತ ದಾರೀಲೆಲ್ಲಾ ಅವಳಿಗೆ ಜಂಬ. ಗಾಳಿ ಎದ್ದಿತು ನೋಡು, ನಮ್ಮಮ್ಮನ ಹೊಸ ರೇಷ್ಮೆ ಮೇಲೆ ವಾಂತಿ ಮಾಡ್ಕೊಂಡ್ಲು!"

ಬ್ರೆಡ್ಡು ಬಾಯಲ್ಲಿಟ್ಟುಕೊಂಡೇ ನಾನು ಅವರತ್ತ ತಿರುಗಿದೆ.

"ಅಮ್ಮ ಬೈಯ್ತಿದ್ರೆ ನಾನು ಅವಳನ್ನ ಹಾಯಿ ಹಿಂದಕ್ಕೆ ಎಳ್ಕೊಂಡು ಹೋಗಿ ಮುಖ ತೊಳೆಸಿದೆ. ಇಬ್ರೂ ನಗ್ತಾ ನಗ್ತಾ ದೋಣಿಯಿಂದ ಬೀಳೋದೊಂದು ಬಾಕಿ. ಗಂಡ ಅಂದ್ರೆ ಹೆದರಿಕೆ ಅಂತ ಮೊದಲ ವಾರ ನನ್ನ ಪಕ್ಕದಲ್ಲೇ ಮಲಗಿದ್ಲು, ಒಂದೇ ಹೊದಿಕೇಲಿ. ಕಾಲು ಐಸು ಅವಳದು. ನನ್ನ ಹೊಟ್ಟೆಗೆ ಒತ್ತೋಳು."

"ಅಷ್ಟು ಹಚ್ಕೊಂಡಿದ್ರಾ ನೀವಿಬ್ರೂ?"

"ಅದಕ್ಕೇ ಅಲ್ವೇನೇ ಅಷ್ಟು ಸಿಟ್ಟು," ಎಂದರು ಮಬ್ರೂಕಾ. "ಬೇರೆ ಯಾರಾದ್ರೂ ಕದ್ದಿದ್ರೆ ಯಾವತ್ತೋ ಮರೆತುಬಿಡ್ತಿದ್ದೆ."

ನಾನು ನಗಲು ಹೋದೆ. ಏನಾಯಿತೋ, ನಗು ಅರ್ಧಕ್ಕೆ ಒಡೆದು ಅಳು ಬಂತು. ಎಲ್ಲರೆದುರಿಗೆ, ಒದ್ದೆ ಲಂಗದಲ್ಲಿ ಮುಖ ಮುಚ್ಚಿಕೊಂಡು, ಚಿಕ್ಕ ಮಕ್ಕಳ ಹಾಗೆ ಬಿಕ್ಕಿದೆ. ಲಝರ್ ನೀರಿನಲ್ಲಿ ಕೈಬಿಟ್ಟು ನಿಂತು ನೋಡಿದ. ಮಬ್ರೂಕಾ ಸಮಾಧಾನ ಮಾಡಲಿಲ್ಲ. ಹಗ್ಗ ಹೊಸೆದು ಒರಟಾದ ಕೈಯನ್ನು ನನ್ನ ತಲೆಯ ಮೇಲೆ ಇಟ್ಟುಕೊಂಡು, ನಾನು ಮುಗಿಸುವ ತನಕ ಕೂತಿದ್ದರು.

ಆಮೇಲೆ, "ಆಯ್ತಾ? ಮೂಗು ಒರೆಸ್ಕೋ," ಎಂದರು. "ಆ ತುದೀಲಿ ಒಂದು ಗರಿ ವಾಲ್ತಾ ಇದೆ."

ಎದ್ದು ಹೋದೆ. ನಿಜಕ್ಕೂ ವಾಲಿತ್ತು.